ದೋಣಿಯ ಯಂತ್ರದ ಓರೆ

ದೋಣಿಯ ಹಿಂಬದಿಯ ಹಲಗೆಗೆ ತಗುಲಿಸುವ ಯಂತ್ರವನ್ನು ಕಾಣದವರು ನಮ್ಮ ಕರಾವಳಿಯಲ್ಲಿ ವಿರಳ. ಅಮೆರಿಕಾದ ಮಿಲ್ವಾಕೀ ನಗರದಲ್ಲಿ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಅಂತಹದೊಂದನ್ನು ರೂಪಿಸಿದ ಮೇಲೆ ಅದು ದೇಶದೇಶಗಳಿಗೆ ಹರಡಿತು. ಅದಕ್ಕೆಷ್ಟು ಕುದುರೆಗಳ ಬಲವೆಂದು ಕೇಳುವವರು ಬಹಳ. ಯಾವ ಓರೆಯಲ್ಲಿ ನಿಂತಿದೆಯೆಂದು ಕೇಳುವವರು ಕಡಮೆ. ನಮ್ಮ ತಂಗಿಯ ಮಗನು ಹೊನ್ನಾವರದಲ್ಲಿ ಶರಾವತಿಯ ಅಳಿವೆಯನ್ನು ದಾಟಿ ಮೀನಿಗೆ ಹೋಗತೊಡಗಿದಂದಿನಿಂದ, ಅವನು ಹಿಂದಿರುಗುವವರೆಗೆ ಅವನ ತಾಯಿಗೆ ನಿದ್ರೆಯಿಲ್ಲ. ಆದುದರಿಂದ ಈ ಓರೆಯ ವಿಚಾರವು ನಮ್ಮ ಮನೆಯ ವಿಚಾರವೇ ಆಗಿದೆ.

ಟ್ರಿಮ್, ಟಿಲ್ಟ್ ಎಂದು ಎರಡು ಮಾತುಗಳುಂಟು. ಯಂತ್ರವು ತಿರುಗುವ ಕೀಲು ಒಂದೇ. ಕೆಲಸ ಮಾತ್ರ ಬೇರೆ. ಓಡುವಾಗ ಕೆಲವೇ ಅಂಶಗಳಷ್ಟು ಒಳಕ್ಕೋ ಹೊರಕ್ಕೋ ಓರೆ ಮಾಡುವುದು ಟ್ರಿಮ್. ನೀರಿನಿಂದ ಮೇಲಕ್ಕೆತ್ತಿಬಿಡುವುದು ಟಿಲ್ಟ್.

ಯಂತ್ರದ ಕಾಲನ್ನು ಹಲಗೆಯ ಕಡೆಗೆ ಒಳಸರಿಸಿದರೆ ದೋಣಿಯ ಮೂತಿ ತಗ್ಗುವುದು. ಹೊರಸರಿಸಿದರೆ ಮೂತಿ ಏಳುವುದು. ಒಳಕ್ಕೆ ಅತಿಯಾದರೆ ಮೂತಿ ನೀರನ್ನು ಉಳುತ್ತ ವೇಗ ಕುಗ್ಗುವುದು, ಹಿಡಿಯು ಕೈಗೆ ಭಾರವಾಗುವುದು. ಹೊರಕ್ಕೆ ಅತಿಯಾದರೆ ವೇಗದ ದೋಣಿಯು ಡಾಲ್ಫಿನ್ನಿನಂತೆ ಏಳುತ್ತ ಬೀಳುತ್ತ ಸಾಗುವುದು; ಪಂಖವು ಗಾಳಿಯನ್ನೆಳೆದುಕೊಂಡು ಯಂತ್ರವು ಬೊಬ್ಬಿಡುವುದಲ್ಲದೆ ದೋಣಿ ಮುಂದಕ್ಕೆ ಹೋಗದು.

ಅಳಿವೆಯಲ್ಲಿ ಇದು ಜೀವದ ಪ್ರಶ್ನೆ. ಕಡಲಿಗೆ ಹೋಗುವಾಗ ಎದುರು ತೆರೆಯನ್ನು ಸೀಳುವಂತೆ ಮೂತಿ ಕೊಂಚ ತಗ್ಗಿರಬೇಕು. ಹಿಂದಿರುಗುವಾಗಲಾದರೋ ತೆರೆಯು ಬೆನ್ನಹಿಂದೆ ಬರುವುದು. ಆಗ ಮೂತಿ ತಗ್ಗಿದ್ದರೆ ಅದು ಮುಂದಿನ ನೀರಿಗೆ ಹೂತುಕೊಂಡು, ಹಿಂಬದಿಯು ಪಕ್ಕಕ್ಕೆ ತಿರುಗಿ, ದೋಣಿಯು ತೆರೆಗೆ ಅಡ್ಡಬೀಳುವ ಭಯವುಂಟು. ಹೋಗುವಾಗ ಕಾಯ್ದ ಓರೆಯೇ ಬರುವಾಗ ಕೊಲ್ಲಬಹುದೆಂದರೆ ಉತ್ಪ್ರೇಕ್ಷೆಯಲ್ಲ.

ದೊಡ್ಡ ಯಂತ್ರಗಳಲ್ಲಿ ಗುಂಡಿಯೊತ್ತಿದರೆ ಓಡುತ್ತಿರುವಾಗಲೇ ಓರೆ ಬದಲಾಗುವುದು. ಬಡವರ ಸಣ್ಣ ಯಂತ್ರದಲ್ಲಿ ಸಾಲುತೂತುಗಳೂ ಅವುಗಳಿಗೆ ತೂರಿಸುವ ಒಂದು ಸರಳೂ ಮಾತ್ರ. ಅದನ್ನು ಯಂತ್ರ ನಿಲ್ಲಿಸಿಯೇ ಬದಲಿಸಬೇಕು. ತೆರೆಗಳ ನಡುವೆ ಅದು ಆಗುವ ಮಾತಲ್ಲ. ಉಳಿದುದನ್ನು ಭಾರದಿಂದಲೇ ಸರಿಪಡಿಸಬೇಕು. ಬರುವಾಗ ಮೀನಿನ ಬುಟ್ಟಿಗಳು ಮೂತಿಯಲ್ಲಿ ರಾಶಿಯಾಗಿರಬಾರದು. ಅಳಿವೆಗೆ ಮುಟ್ಟುವ ಮೊದಲೇ ಅವುಗಳನ್ನು ಹಿಂದಕ್ಕೆ ಸರಿಸಬೇಕು, ಆದರೆ ಹಿಂಬದಿಯ ಹಲಗೆಯ ಮೇಲೆ ನೀರು ಹತ್ತುವಷ್ಟಲ್ಲ. “ಮಾವ, ಇದನ್ನೆಲ್ಲ ನಮ್ಮ ತಂಡೇಲರು ಪುಸ್ತಕವಿಲ್ಲದೆಯೇ ಬಲ್ಲರು” ಎಂದು ಅಳಿಯನು ನಗುತ್ತಾನೆ. ಬಲ್ಲರೆಂಬುದು ನಿಜ, ಆದರೆ ತಂಡೇಲರು ದಿನವೂ ಅವನ ಜೊತೆಗಿರುವುದಿಲ್ಲ. ದೋಣಿಯಲ್ಲಿ ಪ್ರಯಾಣ ಮಾಡುವ ನಮ್ಮಂತಹವರೂ ಇದನ್ನು ತಿಳಿದಿದ್ದರೆ, ತೆರೆ ಕಂಡೊಡನೆ ನಾಲ್ವರು ಒಮ್ಮೆಗೇ ಎದ್ದು ಮೂತಿಯ ಕಡೆಗೆ ನುಗ್ಗುವುದಿಲ್ಲ.

ಇನ್ನು ಟಿಲ್ಟ್. ದಡಕ್ಕೆ ಎಳೆಯುವಾಗ ಯಂತ್ರವನ್ನು ನಿಲ್ಲಿಸಿ ಪೂರ್ತಿ ಎತ್ತಬೇಕು; ಲಂಗರಿನಲ್ಲಿ ನಿಂತಿರುವಾಗಲೂ ಎತ್ತಿಟ್ಟರೆ ಉಪ್ಪುನೀರು ಲೋಹವನ್ನು ತಿನ್ನುವುದು ಕಡಮೆಯಾಗುವುದು. ಮರಳು ತಗಲೀತೆಂದು ಓಡುತ್ತಿರುವ ಯಂತ್ರವನ್ನು ಎತ್ತುವವರು ಮಾತ್ರ ಒಂದನ್ನು ನೋಡಿಕೊಳ್ಳಬೇಕು: ಯಂತ್ರವನ್ನು ತಣಿಸುವ ನೀರು ಅದರ ಕಾಲಿನ ತೂತುಗಳಿಂದಲೇ ಒಳಹೋಗುವುದು. ಆ ತೂತುಗಳು ನೀರಿನ ಮೇಲೆ ಬಂದರೆ ಹಿಂಬದಿಯಿಂದ ಚಿಮ್ಮುವ ಸಣ್ಣ ಧಾರೆಯು ನಿಲ್ಲುವುದು, ಯಂತ್ರವು ಬೇಗನೆ ಸುಡುವುದು. ಅಳಿಯನು ಪ್ರತಿದಿನವೂ ಹಗ್ಗ ಎಳೆದೊಡನೆ ಮೊದಲು ನೋಡುವುದು ಆ ಧಾರೆಯನ್ನೇ.