ಅಜ್ಜಿಯ ಆರಂಭಿಕ ಶಿಲ್ಕು

ವಯಸ್ಸಾದವರು ಆಸ್ಪತ್ರೆ ಸೇರಿದರೆ ಮನೆಯವರು ಮೊದಲು ಕೇಳುವುದು, ಉಳಿಯುತ್ತಾರಾ ಎಂದು. ಜ್ವರ ಇಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: ಮತ್ತೆ ಎದ್ದು ನಡೆಯುತ್ತಾರಾ? ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ 11 ದಿನ ಮಲಗಿದ್ದ ನನ್ನ ಅಜ್ಜಿಯ ವಿಷಯದಲ್ಲಿ ನಾವೂ ಇದನ್ನೇ ಕೇಳಿದೆವು. ಅಜ್ಜಿಗೆ ಉರ್ದು ಬಿಟ್ಟರೆ ಬೇರೆ ಭಾಷೆ ಅಷ್ಟಾಗಿ ಬಾರದು. ಹೀಗಾಗಿ ಫಿಸಿಯೋಥೆರಪಿಸ್ಟ್ ಜೊತೆ ಮಾತಾಡುವ ಕೆಲಸ ನನಗೆ ಬಂತು.

ಅವರು ಒಂದು ಹಾಳೆ ತಂದರು. ಊಟ, ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಬರುವುದು, ನಡಿಗೆ, ಮೆಟ್ಟಿಲು, ಹೀಗೆ ಹತ್ತು ವಿಷಯಗಳು. ಒಟ್ಟು 100 ಅಂಕ. ಇದಕ್ಕೆ ಬಾರ್ತೆಲ್ ಸೂಚ್ಯಂಕ ಎನ್ನುತ್ತಾರೆ. ಅಮೆರಿಕದ ಫ್ಲಾರೆನ್ಸ್ ಮಹೋನಿ ಮತ್ತು ಡೊರೊಥಿಯಾ ಬಾರ್ತೆಲ್ 1965ರಲ್ಲಿ ಇದನ್ನು ಪ್ರಕಟಿಸಿದರು. ಅಜ್ಜಿಗೆ ಅಂದು ಬಂದದ್ದು 35. ಇನ್ನು ಹಾಸಿಗೆಯೇ ಗತಿ ಎಂದು ಅಬ್ಬಾ ತಲೆ ತಗ್ಗಿಸಿದರು.

"ಇವತ್ತಿನ ಅಂಕ ಮಾತ್ರ ನೋಡಿ ಹೇಳಲಾಗದು. ಕಾಯಿಲೆಗೆ ಎರಡು ವಾರ ಮೊದಲು ಹೇಗಿದ್ದರು?" ಎಂದು ಅವರು ಕೇಳಿದರು. ಅಜ್ಜಿಯನ್ನು ಕೇಳಿದರೆ ಎಲ್ಲದಕ್ಕೂ "ಅಲ್ಹಮ್ದುಲಿಲ್ಲಾಹ್, ಚೆನ್ನಾಗಿದ್ದೆ" ಎಂಬ ಒಂದೇ ಉತ್ತರ. ಮಂಡಿ ನೋವಿದ್ದ ದಿನವೂ ಅವರು ಹೇಳುವುದು ಅದನ್ನೇ. ಆದ್ದರಿಂದ ನಾನು ಕಂಡದ್ದನ್ನು ಹೇಳಿದೆ: ಸ್ನಾನ ತಾವೇ ಮಾಡುತ್ತಿದ್ದರು, ದಿನಕ್ಕೆ ಐದು ಹೊತ್ತು ನೆಲದ ಮೇಲೆಯೇ ನಮಾಜ್. ಅವರು ಪೆನ್ನು ನಿಲ್ಲಿಸಿ, "ಸಜ್ದಾದಿಂದ ಯಾರ ಸಹಾಯವೂ ಇಲ್ಲದೆ ಏಳುತ್ತಿದ್ದರಾ?" ಎಂದರು. ಗೋಡೆ ಹಿಡಿದು ಏಳುತ್ತಿದ್ದರು ಎಂದೆ. ತೊಡೆಯಲ್ಲಿ ಶಕ್ತಿ ಇತ್ತು, ಒಳ್ಳೆಯ ಲಕ್ಷಣ ಎಂದು ಬರೆದುಕೊಂಡರು. ಕೆಲವು ತಿಂಗಳಿಂದ ಊಟ ಕಡಿಮೆಯಾಗಿದ್ದನ್ನೂ, ಆಸ್ಪತ್ರೆಯಲ್ಲಿ ಎರಡು ರಾತ್ರಿ ದಿಕ್ಕು ತೋಚದೆ ಬಡಬಡಿಸಿದ್ದನ್ನೂ ಹೇಳಿದೆ. ಇವೆರಡೂ ಚೇತರಿಕೆಯನ್ನು ಹಿಂದಕ್ಕೆ ಎಳೆಯುತ್ತವಂತೆ. ಎಲ್ಲ ನೋಡಿ, "ವಾಕರ್ ಹಿಡಿದು ಮನೆಯೊಳಗೆ ಓಡಾಡಬಹುದು, ಮೊದಲಿನಷ್ಟು ಆಗುವುದು ಕಷ್ಟ" ಎಂದರು.

ಲೆಕ್ಕಶಾಸ್ತ್ರ ಓದುವ ನನಗೆ ಇದು ಬೇಗ ಅರ್ಥವಾಯಿತು. ಆರಂಭಿಕ ಶಿಲ್ಕು ತಪ್ಪಾದರೆ ಕೊನೆಯ ಶಿಲ್ಕೂ ತಪ್ಪುತ್ತದೆ. ಆಸ್ಪತ್ರೆಗೆ ಗೊತ್ತಿರುವುದು ದಾಖಲಾದ ದಿನದ ಅಜ್ಜಿ. ಅದಕ್ಕೂ ಹಿಂದಿನ ಲೆಕ್ಕ ಇರುವುದು ಮನೆಯವರ ಹತ್ತಿರ. ಪ್ರೀತಿಯಿಂದ ಹೆಚ್ಚು ಹೇಳಿದರೆ ಆಗದ ಗುರಿ ಇಡುತ್ತಾರೆ. ಹೆದರಿ ಕಡಿಮೆ ಹೇಳಿದರೆ ಎಬ್ಬಿಸುವ ಪ್ರಯತ್ನವೇ ಕಡಿಮೆಯಾಗಬಹುದು, ಮಲಗಿದಷ್ಟೂ ಸ್ನಾಯು ಕರಗುತ್ತದೆ.

ಮೂರು ತಿಂಗಳ ವ್ಯಾಯಾಮದ ನಂತರ ಅಜ್ಜಿಯ ಅಂಕ 75. ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ. ನಮಾಜ್ ಈಗ ಕುರ್ಚಿಯ ಮೇಲೆ. ಹಣೆ ನೆಲ ಮುಟ್ಟುವುದಿಲ್ಲವಲ್ಲ ಎಂಬ ದುಃಖ ಅವರಿಗಿದೆ. ಅದಕ್ಕೆ ಆ ಹಾಳೆಯಲ್ಲಿ ಅಂಕವಿಲ್ಲ.

ಗೆಳೆಯರೇ, ನಿಮ್ಮ ಮನೆಯ ಹಿರಿಯರು ಕೈ ಊರದೆ ಕುರ್ಚಿಯಿಂದ ಏಳುತ್ತಾರಾ, ಎಷ್ಟು ಮೆಟ್ಟಿಲು ಹತ್ತುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ಈಗಲೇ ಗಮನಿಸಿಡಿ. ಮುಂದೊಂದು ದಿನ ವೈದ್ಯರು ಕೇಳಿದಾಗ, ಅವರ ಪರವಾಗಿ ಉತ್ತರ ಹೇಳಬೇಕಾದವರು ನೀವೇ ಆಗಿರಬಹುದು.