ಮುಟ್ಟದೆ ಬಿಟ್ಟ ಪರದೆಯ ಮೇಲೆ ನಮ್ಮವರು

ಕಂಪ್ಯೂಟರನ್ನು ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಪರದೆಯ ಮೇಲೆ ತಾನಾಗಿಯೇ ಚಿತ್ರಗಳು ಬಂದು ಹೋಗುತ್ತವಲ್ಲ, ಅದಕ್ಕೆ ಸ್ಕ್ರೀನ್ ಸೇವರ್ ಎನ್ನುತ್ತಾರೆ. ಅದು ಹುಟ್ಟಿದ್ದು ನಿಜವಾಗಿಯೂ ಪರದೆಯನ್ನು ಕಾಪಾಡಲು. ಹಿಂದಿನ ದಪ್ಪ ಪೆಟ್ಟಿಗೆಯಂಥ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ, ಗಾಜಿನ ಒಳಬದಿಯ ಹೊಳೆಯುವ ಲೇಪ ಅಲ್ಲಿ ಮಾತ್ರ ಸವೆದು ಅಳಿಸಲಾಗದ ಕಲೆ ಉಳಿಯುತ್ತಿತ್ತು. 1983ರಲ್ಲಿ ಅಮೆರಿಕದ ಜಾನ್ ಸೋಚಾ ಎಂಬವರು, ಮೂರು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಪರದೆಯನ್ನು ಕಪ್ಪಾಗಿಸುವ ಪುಟ್ಟ ಪ್ರೋಗ್ರಾಂ ಬರೆದು ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈಗಿನ ಎಲ್‌ಸಿಡಿ ಪರದೆಗಳಿಗೆ ಆ ಭಯ ಅಷ್ಟಾಗಿ ಇಲ್ಲ. ಕರೆಂಟು ಉಳಿಸಬೇಕೆಂದಿದ್ದರೆ ಪರದೆಯನ್ನು ಆರಿಸಿಬಿಡುವುದೇ ಒಳ್ಳೆಯದು. ಹಾಗಿದ್ದೂ ನಮ್ಮ ಮನೆಗೆ ಸ್ಕ್ರೀನ್ ಸೇವರ್ ಬೇಕಾದದ್ದು ನನ್ನ ಅತ್ತೆಗಾಗಿ.

2020ರ ಲಾಕ್‌ಡೌನ್‌ನಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಕಂಪ್ಯೂಟರ್ ಇಂದಿಗೂ ಹಾಲ್‌ನ ಮೂಲೆಯಲ್ಲೇ ಇದೆ. ನನ್ನವರು ದುಡಿಯುವುದು ಸೌದಿಯ ಜುಬೈಲ್‌ನಲ್ಲಿ. ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ. ಫೋಟೋಗಳೇನೋ ವಾರ ವಾರವೂ ಬರುತ್ತವೆ, ಆದರೆ ಬರುವುದು ನನ್ನ ಮೊಬೈಲ್‌ಗೆ. ಅಂಗೈಯಗಲದ ಆ ಗಾಜಿನಲ್ಲಿ ಅತ್ತೆಯ ಕಣ್ಣಿಗೆ ಮಗನ ಮುಖ ಸರಿಯಾಗಿ ಕಾಣುವುದಿಲ್ಲ. ಬೆರಳು ತಾಗಿದರೆ ಚಿತ್ರ ಎಲ್ಲಿಗೋ ಜಾರಿ ಹೋಗುತ್ತದೆ. "ಇನ್ನೊಮ್ಮೆ ತೋರಿಸು ಮಗಳೇ" ಎಂದು ಕೇಳಲೂ ಅವರಿಗೆ ಸಂಕೋಚ. ನಾನು ಮೀನು ಕೊಯ್ಯುತ್ತಿರುವಾಗ ಬಾಗಿಲವರೆಗೆ ಬಂದು, ಏನೂ ಹೇಳದೆ ಹಿಂದಿರುಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಮಾಡುವ ಕೆಲಸ ಕಷ್ಟದ್ದಲ್ಲ. ಫೋನನ್ನು ಕೇಬಲ್‌ನಿಂದ ಜೋಡಿಸಿ, ಬೇಕಾದ ಫೋಟೋಗಳನ್ನು ಕಂಪ್ಯೂಟರಿನ ಹೊಸದೊಂದು ಫೋಲ್ಡರಿಗೆ ಕಾಪಿ ಮಾಡಬೇಕು. ನಂತರ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರೊಳಗೆ ಲಾಕ್ ಸ್ಕ್ರೀನ್, ಅದರ ಕೆಳಭಾಗದಲ್ಲಿ ಸ್ಕ್ರೀನ್ ಸೇವರ್. ಅಲ್ಲಿ 'ಫೋಟೋಸ್' ಎಂಬುದನ್ನು ಆರಿಸಿ ನಮ್ಮ ಫೋಲ್ಡರನ್ನು ತೋರಿಸಿಕೊಟ್ಟರೆ ಮುಗಿಯಿತು. ವೇಗವನ್ನು 'ಸ್ಲೋ' ಎಂದಿಡಿ, ವಯಸ್ಸಾದವರಿಗೆ ಒಂದು ಮುಖವನ್ನು ಗುರುತಿಸಿ ನಗಲು ಸಮಯ ಬೇಕು. ಎಷ್ಟು ನಿಮಿಷ ಸುಮ್ಮನಿದ್ದ ಮೇಲೆ ಚಿತ್ರ ಬರಬೇಕೆಂಬುದನ್ನೂ ನಾವೇ ಹೇಳಬಹುದು. ನಮ್ಮದು ಎರಡು ನಿಮಿಷ. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಪರದೆ ಆರುವ ಸಮಯ ಇದಕ್ಕಿಂತ ಕಡಿಮೆಯಿದ್ದರೆ ಚಿತ್ರ ಬರುವ ಮೊದಲೇ ಕತ್ತಲಾಗುತ್ತದೆ. ಮತ್ತೆ ಮುಟ್ಟಿದಾಗ ಪಾಸ್‌ವರ್ಡ್ ಕೇಳುವಂತೆಯೂ ಮಾಡಬಹುದು. ನೆಂಟರ ಮಕ್ಕಳು ಬರುವ ಮನೆಗಳಿಗೆ ಅದು ಬಹಳ ಉಪಕಾರಿ!

ಮೊದಲ ದಿನ ಇದನ್ನು ಮಾಡಿದ್ದು ನನ್ನ ಹಿರಿಯ ಮಗ. ಆರಿಸುವ ತಾಳ್ಮೆ ಅವನಿಗೆಲ್ಲಿ? ವಾಟ್ಸಾಪ್ ಚಿತ್ರಗಳನ್ನು ಇಡಿಯಾಗಿ ಸುರಿದ. ಸಂಜೆ ಪರದೆಯ ಮೇಲೆ ಗುಲಾಬಿ ಹೂವಿನ ಶುಭೋದಯ ಬಂತು, ಕರೆಂಟ್ ಬಿಲ್ ಬಂತು, ನನ್ನ ಆಧಾರ್ ಕಾರ್ಡೂ ಬಂತು. ಅದರ ಬೆನ್ನಿಗೇ ನಾದಿನಿಯ ಮಗಳ ಮದರಂಗಿ ರಾತ್ರಿಯ ಫೋಟೋಗಳು. ಹೆಣ್ಣುಮಕ್ಕಳು ತಮ್ಮಷ್ಟಕ್ಕೆ ತಲೆವಸ್ತ್ರ ತೆಗೆದು ನಗುತ್ತಾ ಕೂತ ಚಿತ್ರಗಳು. ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರಿನವರು ಬಾಗಿಲಲ್ಲಿ ನಿಂತಿದ್ದರು. ನಾನು ಓಡಿ ಹೋಗಿ ಮೌಸ್ ಅಲ್ಲಾಡಿಸಿದೆ.

ಹೆಂಗಸರ ನಡುವೆ ತೆಗೆದ ಫೋಟೋ ನಮ್ಮ ಫೋನಿನಲ್ಲಿದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅದು ಅಮಾನತ್. ಗೋಡೆಗೆ ತೂಗುಹಾಕುವ ಚಿತ್ರವಾದರೆ ಹತ್ತು ಸಲ ಯೋಚಿಸುತ್ತೇವೆ. ಪರದೆಯ ವಿಷಯದಲ್ಲಿ ಯಾಕೆ ಯೋಚಿಸುವುದಿಲ್ಲವೋ ಗೊತ್ತಿಲ್ಲ. ಮರುದಿನ ಎಲ್ಲವನ್ನೂ ಅಳಿಸಿ, ಒಂದೊಂದಾಗಿ ನಾನೇ ಆರಿಸಿದೆ. ನಾದಿನಿಗೆ ಫೋನ್ ಮಾಡಿದೆ, "ಸಣ್ಣವಳಿದ್ದಾಗಿನದ್ದು ಹಾಕಿ ಅತ್ತಿಗೆ, ಈಗಿನದ್ದು ಬೇಡ" ಎಂದಳು. ಹದಿಮೂರರ ನನ್ನ ಮಗಳು ಪಕ್ಕದಲ್ಲೇ ಕೂತು ತನ್ನ ಫೋಟೋಗಳಲ್ಲಿ ಎರಡನ್ನು ತೆಗೆಸಿದಳು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿರಿಯವನಿಗೆ ಮಾತ್ರ ತನ್ನದು ಎಷ್ಟು ಹಾಕಿದರೂ ಸಾಲದು.

ಉಳಿದದ್ದು ಮಾವನ ಫೋಟೋ. ಅವರು ತೀರಿಕೊಂಡದ್ದು 2011ರಲ್ಲಿ. ಇರುವುದೊಂದೇ, ಹಜ್ಜ್‌ಗೆಂದು ಪಾಸ್‌ಪೋರ್ಟಿಗೆ ತೆಗೆಸಿದ್ದು. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಸೇರಿಸೋಣವೆಂದು ಮಗ ಹುರುಪಿನಲ್ಲಿದ್ದ. ಅಜ್ಜಿಗೆ ಹೇಳದೆ ಹಾಕಿ ಆಶ್ಚರ್ಯಪಡಿಸಬೇಕೆಂದು ಅವನ ಆಸೆ. ಕೇಳದೆ ಹಾಕಬಾರದು ಎಂದು ನಾನು ಹಟ ಹಿಡಿದೆ. ಕೇಳಿದಾಗ ಅತ್ತೆ ತುಂಬಾ ಹೊತ್ತು ಸುಮ್ಮನಿದ್ದರು.

"ನೋಡಬೇಕೆನಿಸಿದಾಗ ನಾನು ಕಪಾಟು ತೆರೆದು ನೋಡುತ್ತೇನೆ. ಅವರು ಹಾಗೆ ಹಾಲ್‌ನಲ್ಲಿ ಬಂದು ಬಂದು ಹೋಗುವುದು ಬೇಡ ಮಗಳೇ" ಎಂದರು.

ಮಾವನ ಫೋಟೋ ಕಪಾಟಿನಲ್ಲೇ ಇದೆ.

ಈಗ ಅಸರ್ ನಮಾಝಿನ ನಂತರ ಮಗ್ರಿಬ್ ತನಕ ಕಂಪ್ಯೂಟರ್ ಅತ್ತೆಯದು. ತಸ್ಬೀಹ್ ಹಿಡಿದು ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ, ಯಾರಾದರೂ ಮೌಸ್ ಮುಟ್ಟಿದರೆ ಗದರುತ್ತಾರೆ. ದೊಡ್ಡ ಕಟ್ಟಡ, ಸಮುದ್ರ ತೀರದ ಫೋಟೋಗಳು ಅವರಿಗೆ ಬೇಡ. ಮಗ ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ ಎಂಬುದು ಬೇಕು. ಹಾಗೆಂದು ತಿಳಿಸಿದ ಮೇಲೆ ನನ್ನವರು ತಮ್ಮ ಕೋಣೆಯ, ಅಡುಗೆ ಮಾಡುವ ಮೂಲೆಯ ಫೋಟೋಗಳನ್ನು ಕಳಿಸಿದರು. ಶುಕ್ರವಾರ ಫೋನಿನಲ್ಲಿ ಸಲಾಂ ಹೇಳಿ ಮುಗಿಯುವ ಮೊದಲೇ ಅತ್ತೆ ಕೇಳಿದರು: "ಒಲೆಯ ಹತ್ತಿರ ಅಡಿ ಹಿಡಿದ ಪಾತ್ರೆ ಇದೆಯಲ್ಲ, ಅದನ್ನು ತೊಳೆದೆಯಾ?"