ಕತೆ ಮತ್ತು ಕತ್ತೆ

ಮನೇಲೇ ದನಿ ರೆಕಾರ್ಡ್ ಮಾಡ್ಬೇಕು, ಯಾವ ಮೈಕ್ ತಗೊಳ್ಳಲಿ ಅಂತ ಪರಿಚಯದವರು ಆಗಾಗ ಕೇಳ್ತಿರ್ತಾರೆ. ಮೈಕ್ ಇರ್ಲಿ, ಮೊದ್ಲು ಯಾವ ರೂಮಲ್ಲಿ ಕೂರ್ತೀರಿ ಹೇಳಿ ಅಂತೀನಿ ನಾನು.

ನಾನು ಓದಿ ರೆಕಾರ್ಡ್ ಮಾಡೋದು ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ, ಅವರ ಪಠ್ಯದ ಪಾಠಗಳನ್ನ. ಡಿಗ್ರಿ ಓದ್ತಿರೋ ಒಬ್ಬ ಹುಡುಗ ಹೇಳಿದ್ದ, ಪರೀಕ್ಷೆ ಹತ್ರ ಬಂದಾಗ ಎಲ್ಲಾನೂ ಎರಡರಷ್ಟು ವೇಗದಲ್ಲಿ ಕೇಳ್ತೀನಿ ಅಂತ. ಆ ವೇಗದಲ್ಲಿ ರೂಮಿನ ಪ್ರತಿಧ್ವನಿ ದೊಡ್ಡ ತೊಂದರೆ. ನಮ್ಮ ಒತ್ತಕ್ಷರ ಇದ್ಯಲ್ಲ, 'ಕತ್ತೆ' ಅನ್ನುವಾಗ ನಡುವೆ ನಾಲಿಗೆ ಒಂದು ಕ್ಷಣ ಗಾಳಿ ತಡೆದು ನಿಲ್ಲುತ್ತೆ. ಆ ಪುಟ್ಟ ಮೌನವೇ 'ಕತೆ'ಗೂ 'ಕತ್ತೆ'ಗೂ ಇರೋ ವ್ಯತ್ಯಾಸ. ಬರಿಗೋಡೆ, ಗಟ್ಟಿ ನೆಲದ ಕೋಣೆಯಲ್ಲಿ ಹಿಂದಿನ ಸ್ವರದ ಬಾಲ ಬಂದು ಆ ಮೌನವನ್ನ ತುಂಬಿಬಿಡುತ್ತೆ. ಓದಿದವರಿಗೆ ಕತ್ತೆ, ಕೇಳಿದವರಿಗೆ ಕತೆ!

ವೃತ್ತಿಪರ ಮಟ್ಟ ಅಂದ್ರೆ ಏನು ಅನ್ನೋದಕ್ಕೆ ಲೆಕ್ಕ ಇದೆ. ಆಡಿಯೋಬುಕ್ ಮಾಡೋರು ಹೆಚ್ಚಾಗಿ ನೋಡೋದು ಎಸಿಎಕ್ಸ್‌ನ ಅಳತೆ: ದನಿಯ ಸರಾಸರಿ ಮಟ್ಟ (ಆರ್‌ಎಂಎಸ್) ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ಒಳಗೆ, ಗರಿಷ್ಠ ಮೈನಸ್ 3 ದಾಟಬಾರದು, ಮಾತಿಲ್ಲದಾಗಿನ ಸದ್ದು ಮೈನಸ್ 60ಕ್ಕಿಂತ ಕೆಳಗಿರಬೇಕು. ಮೊದಲ ಎರಡನ್ನ ಪುಕ್ಕಟೆ ಸಿಗೋ ಅಡಾಸಿಟಿಯಲ್ಲೇ ಸರಿಮಾಡಬಹುದು. ಬೆವರಿಳಿಸೋದು ಮೂರನೇದು. ದನಿಯನ್ನ 10 ಡೆಸಿಬೆಲ್ ಏರಿಸಿದ್ರೆ ಹಿಂದಿನ ಫ್ಯಾನ್ ಸದ್ದೂ 10 ಡೆಸಿಬೆಲ್ ಏರುತ್ತೆ. ಹಾಗಾಗಿ ಮೌನವನ್ನ ಮೊದಲೇ ಸಂಪಾದಿಸಿಕೊಳ್ಳಬೇಕು.

ಫ್ಯಾನ್ ಆರಿಸಿ, ಫ್ರಿಜ್ ಇರೋ ಕಡೆಯಿಂದ ದೂರ ಹೋಗಿ. ಗುಂಯ್ ಅನ್ನೋ ಸದ್ದು ಕೇಳ್ತಿದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ನಮ್ಮ ಕರೆಂಟಿನ 50 ಹರ್ಟ್ಸ್ ಅಲ್ಲಿಂದಲೇ ನುಸುಳ್ತಿರಬಹುದು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದಿಟ್ಟು, ಬೆನ್ನ ಹಿಂದೆ ದಪ್ಪ ರಜಾಯಿನೋ ಕಂಬಳಿನೋ ನೇತುಹಾಕಿ, ಗೋಡೆಗೆ ಅಂಟಿಸದೆ ಸ್ವಲ್ಪ ಜಾಗ ಬಿಟ್ಟು. ತೆಳು ಬೆಡ್‌ಶೀಟ್ ಸಾಲದು. ಅದು ಕೀರಲು ಸ್ವರಗಳನ್ನ ಮಾತ್ರ ಹೀರಿಕೊಂಡು ತಗ್ಗಿನದನ್ನ ಹಾಗೇ ಬಿಡುತ್ತೆ, ದನಿ ಡಬ್ಬದೊಳಗಿಂದ ಬಂದ ಹಾಗಿರುತ್ತೆ.

ಇನ್ನು ಮೈಕ್. ಬಾಯಿಗೂ ಮೈಕಿಗೂ ಇರೋ ದೂರ ಅರ್ಧಕ್ಕಿಳಿಸಿದ್ರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಜೋರಾಗುತ್ತೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತೆ. ದುಡ್ಡಿಲ್ಲದೆ ಸಿಗೋ ಲಾಭ ಇದು! ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಸಾಕು. ಇನ್ನೂ ಹತ್ತಿರ ಹೋದ್ರೆ ದನಿ ಗಡುಸಾಗುತ್ತೆ, ಪ, ಫ, ಭ ಬಂದಾಗೆಲ್ಲ ಗಾಳಿ ಬಂದು ಬಡಿಯುತ್ತೆ. ಪಾಪ್ ಫಿಲ್ಟರ್ ಇಲ್ಲದಿದ್ರೆ ಮೈಕನ್ನ ಸ್ವಲ್ಪ ಓರೆಯಾಗಿಡಿ. ಕಾರ್ಡಿಯಾಯ್ಡ್ ಮೈಕ್ ಆದ್ರೆ ಅದರ ಬೆನ್ನು ಕಿಟಕಿ ಕಡೆಗಿರಲಿ, ಆ ಕಡೆಯ ಸದ್ದು ಅದಕ್ಕೆ ಕಮ್ಮಿ ಕೇಳ್ಸುತ್ತೆ.

ಇಷ್ಟಾದ್ಮೇಲೂ ಉಳಿದ ಗದ್ದಲಕ್ಕೆ ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್ ಇದೆ. ಉಪ್ಪಿನ ಥರ ಬಳಸ್ಬೇಕು ಅದನ್ನ. ಸ, ಶ, ಹ ಇವೆಲ್ಲ ಅಸಲಿಗೆ ಬರೀ ಗಾಳಿಯ ಸದ್ದುಗಳೇ. ಜಾಸ್ತಿ ಹಾಕಿದ್ರೆ ಸಾಫ್ಟ್‌ವೇರ್ ಅವನ್ನೂ ಕಸ ಅಂದ್ಕೊಂಡು ಗುಡಿಸಿಹಾಕುತ್ತೆ, ಉಳಿದ ದನಿ ನೀರೊಳಗಿಂದ ಮಾತಾಡಿದ ಹಾಗೆ ಕೇಳ್ಸುತ್ತೆ.

ಹೊಸ ಜಾಗದಲ್ಲಿ ಕೂತಾಗೆಲ್ಲ ನಾನು ಮಾಡೋ ಪರೀಕ್ಷೆ ಒಂದೇ. ಅರ್ಧ ನಿಮಿಷ ಸುಮ್ನಿದ್ದು, ಆಮೇಲೆ ಕತೆ-ಕತ್ತೆ, ಹಳಿ-ಹಳ್ಳಿ, ಅಕ-ಅಕ್ಕ ಅಂತ ಓದಿ, ಹೆಡ್‌ಫೋನ್ ಹಾಕಿ ಎರಡರಷ್ಟು ವೇಗದಲ್ಲಿ ಕೇಳೋದು. ಮೀಟರ್ ಪಾಸ್ ಅಂದ್ರೂ ಇಲ್ಲಿ ಗೊಂದಲ ಆದ್ರೆ ಇನ್ನೊಂದು ಕಂಬಳಿ ತರ್ತೀನಿ. ಪುಸ್ತಕ ತೆರೆದು ನೋಡಿ ಅನುಮಾನ ಬಗೆಹರಿಸಿಕೊಳ್ಳೋಕೆ ಆಗದವರಿಗೆ ನನ್ನ ದನಿಯೇ ಪುಸ್ತಕ ಅಲ್ವಾ. ಅದರಲ್ಲಿ ಅಕ್ಷರ ಅಳಿಸಿಹೋಗಿರಬಾರದು.